ನಮ್ಮ ಊದೋ ಮೇಡಂ

ನಮ್ಮ ಬಡಾವಣೆಯ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಒಂದು ಸಂಚಿಕೆ ತರುತ್ತಾರೆ. ಪ್ರತಿ ವರ್ಷ ನನ್ನಿಂದ ಒಂದು ಬರಹ ಕೇಳುತ್ತಾರೆ, ನಾನೂ ಕೊಡುತ್ತೇನೆ, ಅವರು ಅದನ್ನು ತಪ್ಪದೆ ಜ್ಯೋತಿಷಿಯೊಬ್ಬರ ಜಾಹೀರಾತಿನ ಪಕ್ಕ ಒತ್ತಿ ಹಾಕುತ್ತಾರೆ. ಈ ಸಲ ಕಾರ್ಯದರ್ಶಿಗಳು ಮನೆಗೇ ಬಂದು, "ಯಾರಾದ್ರೂ ಮಹನೀಯರ ಬಗ್ಗೆ ಬರೀರಿ ಸಾರ್, ನೀವು ಕಣ್ಣಾರೆ ಕಂಡೋರು" ಎಂದರು. ನಾನು ವೆಲ್ಡರ್. ಬಾಗಲಗುಂಟೆಯ ಹಿಂದೆ, ಹೆಸರಘಟ್ಟ ರಸ್ತೆಯಿಂದ ಒಳಕ್ಕೆ ಹೋದರೆ ಸಿಗುವ ಒಂದು ತಗಡಿನ ಶೆಡ್ಡಿನಲ್ಲಿ ಅರ್ಧ ಆಯಸ್ಸು ಪೈಪಿಗೆ ಪೈಪು ಬೆಸೆಯುತ್ತಾ ಕಳೆದವನು. ನಾನೆಲ್ಲಿ, ಮಹನೀಯರೆಲ್ಲಿ! ಹಾಗಂತ ಹೇಳಲು ಬಾಯಿ ತೆರೆದವನಿಗೆ ತಟ್ಟನೆ ನಮ್ಮ ಊದೋ ಮೇಡಂ ನೆನಪಾದರು. "ಆಯ್ತು ಬರೀತೀನಿ" ಎಂದು ಕಾರ್ಯದರ್ಶಿಗಳಿಗೆ ಕಾಫಿ ಕೊಟ್ಟು ಕಳಿಸಿದೆ.

ಬರೆಯುವ ಮುಂಚೆ ಒಂದು ಮಾತು ಕೇಳಬೇಕಲ್ಲ, ಫೋನ್ ಮಾಡಿದೆ. "ಬರ್ಕೊಳ್ಳಿ, ಬೇಡ ಅಂದೋರ್ಯಾರು? ಆದ್ರೆ ಹೆಸರು ಗಿಸರು ಹಾಕಿದ್ರೋ, ನಿಮ್ಮ ಸಂಘದೋರ್ನೆಲ್ಲಾ ಸಾಲಾಗಿ ಕೂರಿಸಿ ಊದಿಸಿಬಿಡ್ತೀನಿ!" ಎಂದರು. ಅವರು ಹೇಳಿದರೆ ಮಾಡುವವರೇ. ಆದ್ದರಿಂದ ಹೆಸರಿಲ್ಲ.

ಮೊದಲ ಸಲ ಅವರು ನಮ್ಮ ಫ್ಯಾಕ್ಟರಿಗೆ ಬಂದ ದಿನ ಒಳಗೇನೋ ಜಗಳ ಹತ್ತಿದೆ ಎಂದೇ ನಾವು ಅಂದುಕೊಂಡದ್ದು. ಕೆಲಸಗಾರರ ಉಸಿರು ಪರೀಕ್ಷೆ ಮಾಡಿಸಬೇಕೆಂದು ನಮ್ಮ ಯಜಮಾನರಿಗೆ ಮೇಲಿನಿಂದ ಯಾರೋ ಹೇಳಿದ್ದರಂತೆ, ಅವರು ಯಶವಂತಪುರದ ಒಂದು ಪರೀಕ್ಷಾ ಕೇಂದ್ರಕ್ಕೆ ಹೇಳಿದ್ದರಂತೆ, ಅಲ್ಲಿಂದ ಒಂದು ವ್ಯಾನು ಬಂದಿತ್ತು. ನಾವು ಕ್ಯಾಂಟೀನಿನ ಹೊರಗೆ ಸಾಲು ನಿಂತಿದ್ದೆವು. ಒಳಗಿನಿಂದ ಒಬ್ಬ ಹೆಂಗಸಿನ ಧ್ವನಿ ತಗಡಿನ ಮಾಡು ಅದುರುವಂತೆ ಕೇಳುತ್ತಿತ್ತು. "ಎಳ್ಕೊಳ್ಳಿ, ಎಳ್ಕೊಳ್ಳಿ, ಇನ್ನೂ ಇನ್ನೂ ಇನ್ನೂ... ಬಿಡಿ! ಊದಿ ಊದಿ ಊದಿ ಊದಿ! ನಿಲ್ಲಿಸ್ಬೇಡಿ! ಇನ್ನೂ ಇದೆ ಒಳಗೆ! ಯಾರಿಗೆ ಅಂತ ಇಟ್ಕೊಂಡಿದೀರಾ, ಬಿಡ್ರೀ ಆಚೆಗೆ!" ಒಳಗೆ ಹೋದವರು ಕೆಂಪುಮುಖ ಮಾಡಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಹೊರಗೆ ಬರುತ್ತಿದ್ದರು. ನನ್ನ ಹಿಂದೆ ನಿಂತಿದ್ದ ಮುನಿರಾಜು, "ಮಗಾ, ಇದೇನು ಹೆರಿಗೆ ವಾರ್ಡಾ?" ಎಂದ.

ನನ್ನ ಸರದಿ ಬಂತು. ನೋಡುತ್ತೇನೆ, ಕುಳ್ಳನೆಯ ಹೆಂಗಸು. ಕಪ್ಪು ಬುರ್ಖಾದ ಮೇಲೆ ಬಿಳಿ ಕೋಟು, ಕೋಟಿನ ತೋಳು ಮೊಣಕೈವರೆಗೆ ಮಡಚಿದೆ, ಕಾಲಲ್ಲಿ ನೇರಳೆ ಬಣ್ಣದ ಓಟದ ಶೂ. ಒಂದು ಕೈಯಲ್ಲಿ ಫೋನು. ಮನೆಯಲ್ಲಿದ್ದ ಮಗಳಿಗೆ ದಖ್ಖನಿಯಲ್ಲಿ, "ಹೌ ಮಾ, ಆತೂಂ ಬೋಲೀನಾ!" ಬರ್ತೀನಿ ಅಂದೆನಲ್ಲ ಎಂದು ರೇಗಿ, ಫೋನಿಟ್ಟು, ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ ಅಚ್ಚ ಆರ್.ಟಿ. ನಗರದ ಕನ್ನಡದಲ್ಲಿ, "ಕೂತ್ಕೊಳ್ಳಿ, ಬೆಲ್ಟ್ ಸಡ್ಲ ಮಾಡಿ, ಬೆನ್ನು ನೆಟ್ಟಗೆ" ಎಂದರು. ಮೂಗಿಗೆ ಒಂದು ಕ್ಲಿಪ್ಪು ಸಿಕ್ಕಿಸಿದರು. ರಟ್ಟಿನ ಕೊಳವೆಯೊಂದನ್ನು ಬಾಯಿಗೆ ಕೊಟ್ಟರು. ಕೊಳವೆಯ ಆ ಕಡೆ ಒಂದು ಪುಟ್ಟ ಯಂತ್ರ, ಯಂತ್ರದ ಆ ಕಡೆ ಕಂಪ್ಯೂಟರು. ನಾವು ಊದಿದಂತೆ ಪರದೆಯ ಮೇಲೆ ಒಂದು ಗೆರೆ ಗುಡ್ಡದ ಹಾಗೆ ಏರುತ್ತದೆ. ಎದೆಯಲ್ಲಿ ಎಷ್ಟು ಗಾಳಿ ಹಿಡಿಯುತ್ತದೆ, ಅದು ಎಷ್ಟು ಜೋರಾಗಿ ಹೊರಗೆ ಬರುತ್ತದೆ ಎಂಬುದು ಆ ಗೆರೆಯಲ್ಲಿ ಕಾಣುತ್ತದಂತೆ.

ನಾವು ಊದುವಾಗ ಅವರನ್ನು ನೋಡಬೇಕಿತ್ತು! ತುದಿಗಾಲಲ್ಲಿ ನಿಲ್ಲುವರು. ಎರಡು ಕೈಯನ್ನೂ ನೆಲದಿಂದ ಮೂಟೆ ಎತ್ತುವಂತೆ ಆಡಿಸುವರು. ನಮ್ಮ ಜೊತೆ ಅವರೂ ಉಸಿರು ಕಟ್ಟಿ, ನಮ್ಮ ಮುಖಕ್ಕಿಂತ ಮೊದಲೇ ಅವರ ಮುಖ ಕೆಂಪಾಗುವುದು. ಕೊನೆಗೆ ನಾವು ಕೊಳವೆ ಬಿಟ್ಟಾಗ ಇಬ್ಬರೂ ಒಟ್ಟಿಗೆ ಏದುಸಿರು ಬಿಡುವುದು. ಬೆಳಗಿನಿಂದ ಸಂಜೆಯವರೆಗೆ ಒಬ್ಬೊಬ್ಬರಿಗೂ ಹೀಗೇ! ಆ ಹುಮ್ಮಸ್ಸನ್ನು ನಾನು ಬೇರೆ ಯಾವ ಸಂಬಳದ ಕೆಲಸದವರಲ್ಲೂ ಕಂಡಿಲ್ಲ.

ಮುನಿರಾಜು ಕೆನ್ನೆ ಉಬ್ಬಿಸಿಕೊಂಡು ಊದಿದ. "ಇದು ನಾದಸ್ವರ ಅಲ್ಲ ಕಣಪ್ಪಾ, ಯಾರ ಮದುವೆ ಇಲ್ಲಿ? ಹೊಟ್ಟೆಯಿಂದ ಬಿಡು!" ಎಂದು ಗದರಿದರು. ಅವನು ಹಟಕ್ಕೆ ಬಿದ್ದು ಕುರ್ಚಿಯಿಂದ ಎದ್ದು ನಿಂತು ಊದಿದ್ದೇ ತಡ, ಸಡಿಲ ಮಾಡಿದ್ದ ಬೆಲ್ಟು ಪ್ಯಾಂಟಿನ ಸಮೇತ ಜಾರಿತು. ಮೇಡಂ ಗೋಡೆಯ ಕಡೆ ತಿರುಗಿಬಿಟ್ಟರು. ತಿರುಗಿದವರು ಸುಮ್ಮನಾದರೇ? ಗೋಡೆಗೆ ಹೇಳಿದರು: "ಒಂದ್ ಕೈಲಿ ಪ್ಯಾಂಟ್ ಹಿಡ್ಕೊಳ್ಳಿ, ಊದೋದು ಮಾತ್ರ ನಿಲ್ಲಿಸ್ಬೇಡಿ!" ಅಂದಿನಿಂದ ಅವರು ನಮಗೆಲ್ಲ ಊದೋ ಮೇಡಂ ಆದರು.

ನಮ್ಮಲ್ಲೊಂದು ಪದ್ಧತಿಯಿದೆ. ಸಂಜೆ ಕೆಲಸ ಬಿಡುವ ಹೊತ್ತಿಗೆ ಬಾಗಿಲ ಬಳಿ ಒಂದು ಡಬ್ಬಿ ಇಟ್ಟಿರುತ್ತಾರೆ, ಒಬ್ಬೊಬ್ಬರೂ ಒಂದೊಂದು ಉಂಡೆ ಬೆಲ್ಲ ಬಾಯಿಗೆ ಹಾಕಿಕೊಂಡು ಹೊರಡಬೇಕು. ಬೆಲ್ಲ ತಿಂದರೆ ಎದೆಯಲ್ಲಿ ಕೂತ ಹೊಗೆ ಇಳಿದುಹೋಗುತ್ತದೆ ಎಂದು ನಮ್ಮ ಗುರುಗಳು ಹೇಳಿದ್ದು, ಅವರಿಗೆ ಅವರ ಗುರುಗಳು. ಮೇಡಂ ಕೂಡ ಹೋಗುವಾಗ ಒಂದು ದೊಡ್ಡ ಉಂಡೆ ತೆಗೆದು ಬಾಯಿಗಿಟ್ಟರು. "ಯಾತಕ್ಕೆ ಇದು?" ಎಂದರು. ಹೇಳಿದೆವು. ಬೆಲ್ಲ ಚಪ್ಪರಿಸುತ್ತಲೇ, "ಅಲ್ಲಾ ಕಣ್ರೀ, ಬೆಲ್ಲ ಹೋಗೋದು ಹೊಟ್ಟೆಗೆ, ಹೊಗೆ ಹೋಗೋದು ಶ್ವಾಸಕೋಶಕ್ಕೆ. ಇವರಿಬ್ರೂ ಎಲ್ಲಿ ಭೇಟಿ ಆಗ್ತಾರೆ?" ಎಂದರು. ಎಲ್ಲರೂ ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಮುಖ ಮುಖ ನೋಡಿಕೊಂಡೆವು. "ತಿನ್ನಿ ತಿನ್ನಿ, ಚೆನ್ನಾಗಿದೆ, ಮಂಡ್ಯದ್ದಾ?" ಎಂದು ಇನ್ನೊಂದು ಉಂಡೆ ಕೋಟಿನ ಜೇಬಿಗೆ ಹಾಕಿಕೊಂಡು ಹೋದರು.

ಅಂದು ಬೆಲ್ಲಕ್ಕೂ ಮುಂಚೆ, ಅದಕ್ಕಿಂತ ದೊಡ್ಡ ರಾದ್ಧಾಂತ ಆದದ್ದು ಸೋಮವಾರದ ಜ್ವರದಿಂದ. ಊದಿಸಿದ ಮೇಲೆ ಅವರು ಕೆಮ್ಮು ಇದೆಯಾ, ಏದುಸಿರು ಇದೆಯಾ, ಜ್ವರ ಬರುತ್ತಾ ಎಂದು ಕೇಳುತ್ತಿದ್ದರು. ನಾನು, "ಜ್ವರ ಏನಿಲ್ಲ ಮೇಡಂ, ಸೋಮವಾರದ್ದು ಮಾತ್ರ" ಎಂದೆ. ಪೆನ್ನು ನಿಂತಿತು.

"ಸೋಮವಾರದ್ದು ಅಂದ್ರೆ?"

ನಮಗೆ ಅದು ಹಲ್ಲುಜ್ಜುವಷ್ಟು ಮಾಮೂಲು. ಸೋಮವಾರ ಸಂಜೆ ಮನೆಗೆ ಹೋಗುವಷ್ಟರಲ್ಲಿ ಬಾಯೆಲ್ಲ ಕಾಸು ಚೀಪಿದ ಹಾಗೆ ಒಂದು ಥರಾ ಸಿಹಿ. ಆಮೇಲೆ ಚಳಿ. ಏಪ್ರಿಲ್ ತಿಂಗಳಲ್ಲೂ ಕಂಬಳಿ ಹೊದ್ದು ಮಲಗಬೇಕು. ಬೆಳಗ್ಗೆ ಎದ್ದರೆ ಏನೂ ಇಲ್ಲ. ಮಂಗಳವಾರ ಸ್ವಲ್ಪ ಮೈಕೈ ನೋವು, ಬುಧವಾರದಿಂದ ಆರಾಮ. ಮತ್ತೆ ಮುಂದಿನ ಸೋಮವಾರ.

"ಯಾಕೆ ಬರುತ್ತೆ ಅನ್ಸುತ್ತೆ ನಿಮಗೆ?"

"ಇನ್ಯಾಕೆ ಮೇಡಂ, ಭಾನುವಾರದ ಮಟನ್ನು. ಉಷ್ಣ ಆಗುತ್ತೆ ಮೈಗೆ."

ಇದರಲ್ಲಿ ನನಗೆ ಎಷ್ಟು ನಂಬಿಕೆಯಿತ್ತೆಂದರೆ ನನ್ನ ಹೆಂಡತಿ ಭಾನುವಾರದ ಮಟನ್ ನಿಲ್ಲಿಸಿ ವರ್ಷಗಳೇ ಆಗಿದ್ದವು. ಜ್ವರ ನಿಂತಿರಲಿಲ್ಲ. ಆಗ ಶನಿವಾರದ ಮೊಟ್ಟೆಯನ್ನೂ ನಿಲ್ಲಿಸಿದ್ದಳು. ಮೇಡಂ ಸಾಲಿನಿಂದ ಮುನಿರಾಜುವನ್ನು ಕರೆಸಿದರು. ಅವನಿಗೂ ಸೋಮವಾರದ ಜ್ವರ. ಕಾರಣ? "ಭಾನುವಾರ ಒಂದೊಂದ್ ಬಿಯರ್ ಹಾಕ್ತೀನಲ್ಲ ಮೇಡಂ, ಅದು ಕೋಲ್ಡ್." ನಮ್ಮ ಇನ್ನೊಬ್ಬ ವೆಲ್ಡರ್ ಬಸವರಾಜನನ್ನು ಕರೆಸಿದರು. ಅವನು ಮಾಂಸ ಮುಟ್ಟುವವನಲ್ಲ, ಬಿಯರ್ ಮೂಸುವವನಲ್ಲ. ಅವನಿಗೂ ಜ್ವರ! "ಭಾನುವಾರ ಎಣ್ಣೆಸ್ನಾನ ಮಾಡ್ತೀನ್ರೀ, ತಲೆ ಸರಿಯಾಗಿ ಒಣಗಲ್ಲ" ಎಂದ. ಮೂವರೂ ಅವರ ಮುಂದೆ ತಪ್ಪಿತಸ್ಥರಂತೆ ನಿಂತಿದ್ದೆವು. ಮೇಡಂ ನಮ್ಮ ಮೂವರನ್ನೂ ಒಮ್ಮೆ ನೋಡಿದರು, ಇನ್ನೊಮ್ಮೆ ನೋಡಿದರು, ಆಮೇಲೆ ಮೇಜು ಕುಟ್ಟಿ ಕುಟ್ಟಿ ನಕ್ಕರು ನೋಡಿ, ಅಬ್ಬಬ್ಬಾ, ಕಣ್ಣಲ್ಲಿ ನೀರು!

"ಪಾಪ ಆ ಕುರಿ ಏನ್ ಮಾಡಿತ್ರೀ ನಿಮಗೆ? ಎಣ್ಣೆಸ್ನಾನ ಏನ್ ಮಾಡಿತ್ತು? ಭಾನುವಾರ ಏನ್ ತಿಂದೆ, ಏನ್ ಕುಡಿದೆ ಅಂತ ಎಲ್ಲಾ ಲೆಕ್ಕ ಹಾಕ್ತೀರಾ, ಸೋಮವಾರ ಏನ್ ಕುಡಿದ್ರಿ ಅಂತ ಒಬ್ಬರಾದ್ರೂ ನೋಡಿದ್ರಾ? ಹೊಗೆ ಕಣ್ರೀ! ಸೋಮವಾರ ಹೊಗೆ ಕುಡಿದ್ರಿ!"

ನಾವು ಬೆಸೆಯುವ ಪೈಪಿನ ಮೇಲೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಇರುತ್ತದೆ. ಅದು ಸುಟ್ಟಾಗ ಬೆಳ್ಳನೆ ಹೊಗೆ ಏಳುತ್ತದೆ, ಹತ್ತಿಯ ಎಳೆಯಂತೆ ತೇಲುತ್ತದೆ, ನೋಡಲು ಚೆಂದ. ಆ ಹೊಗೆಯ ಜ್ವರ ಅದು. ವಾರದ ನಡುವೆ ಮೈ ಒಗ್ಗಿಕೊಳ್ಳುತ್ತದಂತೆ, ಒಂದು ದಿನ ರಜೆ ಸಿಕ್ಕರೆ ಒಗ್ಗಿದ್ದು ಮರೆಯುತ್ತದಂತೆ, ಸೋಮವಾರ ಮತ್ತೆ ಮೊದಲಿನಿಂದ ಶುರು. ನಕ್ಕು ಮುಗಿಸಿ ಅವರು ಕಣ್ಣೊರೆಸಿಕೊಂಡು ಗಂಭೀರವಾದರು. "ಜ್ವರ ಬಂದು ಹೋಗುತ್ತೆ, ಅದಕ್ಕೆ ನಾನು ಹೆದರಲ್ಲ. ಬುಧವಾರ ಆರಾಮ ಅಂತೀರಲ್ಲ, ಆ ಬುಧವಾರಕ್ಕೆ ಹೆದರ್ತೀನಿ. ಒಗ್ಗಿತು ಅಂತ ಇನ್ನೂ ಬಗ್ಗಿ ಬಗ್ಗಿ ಕುಡೀತೀರಾ" ಎಂದರು. ನನ್ನ ಗೆರೆ ಈ ವಯಸ್ಸಿಗೆ ಇರಬೇಕಾದ್ದಕ್ಕಿಂತ ಸ್ವಲ್ಪ ಕುಗ್ಗಿದೆ, ಮುಂದಿನ ವರ್ಷ ನೋಡೋಣ ಎಂದು ಹೇಳಿ ಅಂದು ಹೊರಟುಹೋದರು.

ಮುಂದಿನ ವರ್ಷ ನೋಡಿದರು. ನಾನು ಮೂರು ಸಲ ಊದಿದೆ, ಮೂರು ಸಲವೂ ಅವರು ಶೆಡ್ಡು ಹಾರಿಹೋಗುವಂತೆ ಕೂಗಿದರು. ಆಮೇಲೆ ಸುಮ್ಮನೆ ಎದ್ದು, "ಬನ್ನಿ, ಆಚೆ ಹೋಗೋಣ" ಎಂದು ಹೊಂಗೆಮರದ ಕೆಳಗೆ ಕರೆದುಕೊಂಡು ಹೋದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಬೀಡಿ ಸಿಗರೇಟ್?"

"ಮುಟ್ಟಿಲ್ಲ ಮೇಡಂ."

"ಮನೆ ಯಾವ ಫ್ಲೋರು?"

ಎರಡನೇ ಮಹಡಿ. ಮೊದಲನೆಯದಕ್ಕೆ ಬರುವಷ್ಟರಲ್ಲಿ ನಿಂತು ಜೇಬಿನಲ್ಲಿ ಬೀಗದ ಕೈ ಹುಡುಕಿದ ಹಾಗೆ ಮಾಡುತ್ತೇನೆ. ಹೆಂಡತಿಗೂ ಹೇಳಿರಲಿಲ್ಲ. ಅವರಿಗೆ ಹೇಳಿಬಿಟ್ಟೆ.

"ನೋಡಿ, ಮುಚ್ಚಿಡಲ್ಲ. ಹೋದ ವರ್ಷಕ್ಕಿಂತ ಇಳಿದಿದೆ. ಹೋಗಿರೋದು ವಾಪಸ್ ಬರಲ್ಲ ಅಂತಾನೇ ಇಟ್ಕೊಳ್ಳಿ. ಎದೆ ಡಾಕ್ಟ್ರ ಹತ್ರ ಹೋಗಿ, ಚೀಟಿ ಕೊಡ್ತೀನಿ. ಮುಂದಿನ ಸಲವೂ ಹಿಂಗೇ ಇಳಿದ್ರೆ ವೆಲ್ಡಿಂಗ್ ಬಿಡಿಸಿ ಅಂತ ಡಾಕ್ಟ್ರು ಬರೀತಾರೆ. ನಾನೂ ಬೇಡ ಅನ್ನಲ್ಲ."

ವೆಲ್ಡಿಂಗ್ ಬಿಡುವುದು! ನನಗೆ ಇನ್ನೇನು ಬರುತ್ತದೆ? ಹೊಟ್ಟೆಪಾಡಿನ ಮಾತು ಒಂದು ಕಡೆ ಇರಲಿ, ನನಗೆ ಆ ಕೆಲಸದ ಹುಚ್ಚು. ಹಾಗೆಂದು ಅವರಿಗೆ ಹೇಳಿದೆ. "ಏನಿದೆ ಅದರಲ್ಲಿ ಅಂಥದ್ದು?" ಎಂದು ಕೇಳಿದರು. ವ್ಯಂಗ್ಯವಲ್ಲ, ನಿಜವಾಗಿ ಕೇಳಿದರು. ಇಷ್ಟು ವರ್ಷದಲ್ಲಿ ಹೆಂಡತಿಯೂ ಕೇಳದ ಪ್ರಶ್ನೆ. ಹೇಳಿದೆ ನೋಡಿ! ಕಪ್ಪು ಗಾಜಿನ ಹಿಂದೆ ಲೋಕವೆಲ್ಲ ಮಾಯವಾಗಿ ಒಂದು ಹನಿ ಕರಗಿದ ಕಬ್ಬಿಣ ಮಾತ್ರ ಉಳಿಯುತ್ತದೆ, ಅದು ಜೀವ ಇರುವ ಹಾಗೆ ಮಿಣುಕುತ್ತದೆ, ಕೈ ಒಂಚೂರು ನಡುಗಿದರೆ ಅದಕ್ಕೂ ಗೊತ್ತಾಗುತ್ತದೆ, ಅದನ್ನು ಮುದ್ದು ಮಾಡಿಕೊಂಡು ಮುಂದೆ ಮುಂದೆ ನಡೆಸಿಕೊಂಡು ಹೋಗಬೇಕು, ತಣ್ಣಗಾದ ಮೇಲೆ ಎರಡು ಪೈಪು ಎಂದು ಯಾರೂ ಹೇಳಲಾರರು ಎಂದೆ.

ಮೇಡಂ ಕೋಟಿನ ತೋಳನ್ನು ಇನ್ನೊಂದು ಮಡಿಕೆ ಮೇಲಕ್ಕೆ ಸರಿಸಿದರು. "ಹಂಗಾದ್ರೆ ವೆಲ್ಡಿಂಗ್ ಬಿಡಿಸೋದು ಬೇಡ. ಹೊಗೆ ಬಿಡಿಸೋಣ. ಎಲ್ಲಿ ನಿಮ್ಮ ಓನರ್ರು?" ಎಂದರು. ಧ್ವನಿ ಹಳೆಯ ಮಟ್ಟಕ್ಕೆ ಬಂದಿತ್ತು.

ನಮ್ಮ ಯಜಮಾನರು ಚಿಕ್ಕಜಾಲದ ಕಡೆಯ ಒಕ್ಕಲು ಮನೆತನದವರು. ಏರ್‌ಪೋರ್ಟ್ ರಸ್ತೆಗೆ ಹೊಲ ಹೋದ ಮೇಲೆ ಈ ಶೆಡ್ಡು ಕಟ್ಟಿದವರು. ಕೆಟ್ಟವರಲ್ಲ, ಮೊಂಡರು. ಮೇಡಂ ಹೊಗೆಯ ಮಾತು ಎತ್ತುತ್ತಿದ್ದ ಹಾಗೆ, "ಅಯ್ಯೋ ಮೇಡಮ್ಮಾರೇ, ನಾನು ಇಷ್ಟ್ ದಪ್ಪದ ಫ್ಯಾನು ಆಕಿಸಿವ್ನಿ. ಇವ್ರೇ ಆಫ್ ಮಾಡ್ತಾರೆ. ಬೇಕಾರೆ ಕೇಳಿ, ಎದುರಿಗೇ ಅವ್ನೆ" ಎಂದು ನನ್ನ ಕಡೆ ಕೈ ತೋರಿಸಿದರು.

ಮೇಡಂ ನನ್ನನ್ನು ಸುಟ್ಟುಬಿಡುವಂತೆ ನೋಡಿದರು. "ಹೌದಾ?"

ಹೌದು. ಫ್ಯಾನು ಆರಿಸುವವರು ನಾವೇ. ನಾವು ಬೆಸೆಯುವಾಗ ಕಬ್ಬಿಣದ ಹನಿಯ ಸುತ್ತ ಒಂದು ಗ್ಯಾಸು ಬಿಡುತ್ತೇವೆ, ಹೊರಗಿನ ಗಾಳಿ ತಾಗದಂತೆ ಅದು ಕಾಯುತ್ತದೆ. ಫ್ಯಾನು ಹಾಕಿದರೆ ಆ ಗ್ಯಾಸು ಹಾರಿಹೋಗಿ ಬೆಸುಗೆ ಸೆಟ್ ದೋಸೆಯ ಹಾಗೆ ತೂತು ತೂತು. ಮಾಲು ವಾಪಸ್ ಬರುತ್ತದೆ. ಒಳ್ಳೆಯ ಬೆಸುಗೆ ಬೇಕೆಂದರೆ ಹೊಗೆ ಕುಡಿಯಬೇಕು, ಹೊಗೆ ಬೇಡವೆಂದರೆ ಬೆಸುಗೆ ಕೆಡಬೇಕು. ಒಳ್ಳೆಯ ವೆಲ್ಡರ್ ಎನಿಸಿಕೊಂಡವನೇ ಮೊದಲು ಹೋಗಿ ಫ್ಯಾನು ಆರಿಸುವುದು. "ತೋರಿಸಿ" ಎಂದರು ಮೇಡಂ. ನಾನು ಫ್ಯಾನು ಹಾಕಿ ಒಂದು, ಆರಿಸಿ ಒಂದು ಬೆಸೆದು ತೋರಿಸಿದೆ. ಅವರು ಬುರ್ಖಾದ ಮೇಲೆ ವೆಲ್ಡಿಂಗ್ ಮುಖವಾಡ ಹಾಕಿಕೊಂಡು, ನಾನು ಬಗ್ಗುವ ಜಾಗದಲ್ಲೇ ತಾವೂ ಬಗ್ಗಿ ನಿಂತಿದ್ದರು. "ಓಹೋಹೋ! ನೆಟ್ಟಗೆ ಮುಖಕ್ಕೇ ಬರುತ್ತಲ್ರೀ!" ಎಂದು ಕೆಮ್ಮುತ್ತಾ ಹಿಂದೆ ಸರಿದರು. ಆಮೇಲೆ ಕೆಮ್ಮಿನ ನಡುವೆಯೇ, "ಬೀಸಿದ್ರೆ ಕೆಡುತ್ತೆ, ಸರಿ. ಎಳ್ಕೊಂಡ್ರೆ?" ಎಂದರು.

"ಎಳೆಯೋ ಮಿಷನ್ನು ದೊಡ್ಡ ಕಂಪ್ನಿಗಳಲ್ಲಿ ಐತೆ ಬಿಡಿ. ನಮ್ಮಂತೋರಿಗೆಲ್ಲಿ" ಎಂದರು ಯಜಮಾನರು.

ಮೇಡಂ ವಾದಿಸಲಿಲ್ಲ. "ನೀವೊಂದ್ಸಲ ಊದಿ" ಎಂದರು. ಯಜಮಾನರಿಗೆ ತಮ್ಮ ಬೆಳಗಿನ ವಾಕಿಂಗಿನ ಬಗ್ಗೆ ಭಾರೀ ಹೆಮ್ಮೆ. ಪಂಚೆ ಸರಿಮಾಡಿಕೊಂಡು ಕೂತು ಊದಿದರು. ಗೆರೆ ನಂದಿಬೆಟ್ಟದ ಹಾಗೆ ಎದ್ದು ನಿಂತಿತು. "ಎಂಗೆ?" ಎಂದು ಮೀಸೆ ತಿರುವಿದರು. ಮೇಡಂ ನನ್ನ ಮುಖ ನೋಡಿದರು, ತೋರಿಸಲೇ ಎಂದು ಕಣ್ಣಲ್ಲೇ ಕೇಳಿದರು. ನಾನು ತಲೆಯಾಡಿಸಿದೆ. ಅದೇ ಪರದೆಯ ಮೇಲೆ ನನ್ನ ಗೆರೆ ತಂದರು. ಬೆಟ್ಟದ ಪಕ್ಕ ಒಂದು ದಿಬ್ಬ.

"ಇದು ಯಾರ್ದು?" ಎಂದರು ಯಜಮಾನರು.

"ಇವರದು. ನಿಮ್ಮಿಬ್ಬರದೂ ಒಂದೇ ವಯಸ್ಸು. ಎತ್ತರವೂ ಹೆಚ್ಚು ಕಮ್ಮಿ ಒಂದೇ. ಬೀಡಿ ನೀವೂ ಸೇದಲ್ಲ, ಇವರೂ ಸೇದಲ್ಲ."

ಯಜಮಾನರು ಬಹಳ ಹೊತ್ತು ಪರದೆ ನೋಡಿದರು. ಮೀಸೆಯ ಮೇಲಿದ್ದ ಕೈ ಕೆಳಗೆ ಬಂತು. ನನ್ನ ಕಡೆ ತಿರುಗಿ ನೋಡಲು ಅವರಿಗೆ ಆಗಲಿಲ್ಲ. "ಏನ್ ಮಾಡ್ಬೇಕು ಏಳಿ ಮೇಡಮ್ಮಾರೇ" ಎಂದರು.

ಆಮೇಲಿನ ಒಂದು ತಿಂಗಳು ನಮ್ಮ ಶೆಡ್ಡಿನಲ್ಲಿ ಜಾತ್ರೆಯೇ! ಆರ್.ಟಿ. ನಗರದಲ್ಲಿ ಮೇಡಂಗೆ ಗೊತ್ತಿದ್ದ ಒಂದು ಬಿರಿಯಾನಿ ಹೋಟೆಲ್ಲು ಮುಚ್ಚಿತ್ತು. ಅದರ ಅಡುಗೆಮನೆಯ ಹೊಗೆ ಎಳೆಯುವ ದೊಡ್ಡ ಬ್ಲೋಯರನ್ನು ಅವರೇ ಮಾತಾಡಿ ಕೊಡಿಸಿದರು, ತಮ್ಮ ವ್ಯಾನಿನಲ್ಲೇ ಹೇರಿಸಿ ಕಳಿಸಿದರು. ಅದನ್ನು ಬಿಚ್ಚಿದರೆ ಒಳಗೆಲ್ಲ ಲವಂಗ ಚಕ್ಕೆಯ ಘಮ! ಸಸ್ಯಾಹಾರಿ ಬಸವರಾಜ ಮೂಗು ಮುಚ್ಚಿಕೊಂಡೇ ಅದನ್ನು ತೊಳೆದ. ಮುನಿರಾಜು ತಗಡು ಬಗ್ಗಿಸಿ ಆನೆಯ ಸೊಂಡಿಲಿನಂಥ ಬಾಯಿ ಮಾಡಿದ. ನಾನು ಎರಡು ಪೈಪು ಬೆಸೆದು, ಎಲ್ಲಿ ಬೇಕೆಂದರಲ್ಲಿ ತಿರುಗುವ ತೋಳು ಮಾಡಿದೆ. ಮಧ್ಯೆ ಸುರುಳಿ ಕೊಳವೆ, ಗೋಡೆಗೊಂದು ತೂತು, ಮಾಡಿನ ಮೇಲೆತ್ತರಕ್ಕೆ ಹೊಗೆಗೂಡು.

ಮೊದಲ ದಿನ ಹಾಳಾಯಿತು. ಸೊಂಡಿಲನ್ನು ಬೆಸುಗೆಗೆ ತೀರಾ ಹತ್ತಿರ ತಂದಿದ್ದೆವು, ಅದು ಹೊಗೆಯ ಜೊತೆ ಗ್ಯಾಸನ್ನೂ ನುಂಗಿ ಮತ್ತೆ ಸೆಟ್ ದೋಸೆ. ದೂರ ಇಟ್ಟೆವು, ಹೊಗೆ ಮತ್ತೆ ನನ್ನ ಮುಖಕ್ಕೇ. ಯಜಮಾನರು, "ಓಗ್ಲಿ ಬಿಡ್ರಲಾ, ಆಗದ್ ಕೆಲ್ಸ" ಎಂದು ಎದ್ದು ಹೋದರು. ನಾವು ಬಿಡಲಿಲ್ಲ. ಗೇಣು ಹಿಂದೆ, ಬೆರಳು ಮುಂದೆ, ಸ್ವಲ್ಪ ಪಕ್ಕಕ್ಕೆ, ಇನ್ನೊಂಚೂರು ಕೆಳಗೆ. ಕೊನೆಗೆ ಮೊಳದುದ್ದದ ಅಂತರದಲ್ಲಿ, ಓರೆಯಾಗಿ ನಿಲ್ಲಿಸಿ ನಾನು ಕಿಡಿ ಹಚ್ಚಿದೆ. ಬಿಳಿ ಹೊಗೆ ಎಂದಿನಂತೆ ನನ್ನ ಮುಖದ ಕಡೆ ಎದ್ದಿತು. ಎದ್ದದ್ದು ನಡುದಾರಿಯಲ್ಲಿ ಮನಸ್ಸು ಬದಲಾಯಿಸಿದ ಹಾಗೆ ಬಗ್ಗಿತು! ಬಗ್ಗಿ, ಎಳೆ ಎಳೆಯಾಗಿ ಸೊಂಡಿಲಿನೊಳಕ್ಕೆ ಹೋಯಿತು. "ಬಗ್ತು ಮಗಾ, ಬಗ್ತು!" ಎಂದು ಮುನಿರಾಜು ಕುಣಿದ. ಗ್ರೈಂಡಿಂಗಿನವರು, ಪೇಂಟಿನವರು ಎಲ್ಲ ಕೆಲಸ ಬಿಟ್ಟು ಓಡಿ ಬಂದರು. ಆಫೀಸಿನಿಂದ ಯಜಮಾನರೂ ಬಂದು, "ಅಯ್ಯೋ ಶಿವನೇ, ಓಯ್ತಾ ಐತೆ ನೋಡ್ರಲೇ, ಎಂಗೆ ಓಯ್ತಾ ಐತೆ!" ಎಂದು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಬೆಸುಗೆ ನೋಡಿದರೆ ಒಂದೇ ಒಂದು ತೂತಿಲ್ಲ.

ಮೇಡಂಗೆ ವಿಡಿಯೋ ಕಾಲ್ ಮಾಡಿದೆವು. ಅವರು ಬೇರೆ ಯಾವುದೋ ಫ್ಯಾಕ್ಟರಿಯಲ್ಲಿದ್ದರು, ಅವರ ಹಿಂದೆ ಮೂಗಿಗೆ ಕ್ಲಿಪ್ಪು ಹಾಕಿಕೊಂಡವನೊಬ್ಬ ಊದುತ್ತಿದ್ದ. ಹೊಗೆ ಬಗ್ಗುವುದನ್ನು ತೋರಿಸಿದ್ದೇ ತಡ, ಅವರು ಕಿರುಚಿದ ರಭಸಕ್ಕೆ ಆ ಪುಣ್ಯಾತ್ಮ ಗಾಬರಿಯಾಗಿ ಕೊಳವೆ ಬಿಟ್ಟ. "ನೀವ್ಯಾಕ್ರೀ ನಿಲ್ಲಿಸಿದ್ರಿ! ಊದಿ!" ಎಂದು ಅವನಿಗೊಂದು, "ಭೇಷ್! ಭೇಷ್! ನನ್ನ ಸಿಂಹಗಳಾ!" ಎಂದು ನಮಗೊಂದು.

ಅಲ್ಲಿಗೆ ಮುಗಿಯಲಿಲ್ಲ. ಪೈಪಿನ ಲೇಪವನ್ನು ಬೆಸುಗೆಯ ಜಾಗದಲ್ಲಿ ಮೊದಲೇ ಉಜ್ಜಿ ತೆಗೆಯುವುದು ರೂಢಿಯಾಯಿತು. ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದವರಿಗೆ ಮೂಗು ಬಾಯಿ ಬಿಗಿಯಾಗಿ ಮುಚ್ಚುವ ಮಾಸ್ಕು ಬಂತು. ಸೋಮವಾರದ ಸಂಜೆ ಕಂಬಳಿಯ ಕೆಲಸ ತಪ್ಪಿತು. ಎದೆ ಡಾಕ್ಟರು ಕೊಟ್ಟ ಸೇದುವ ಔಷಧಿಯನ್ನು ನಾನು ತಪ್ಪದೆ ತೆಗೆದುಕೊಂಡೆ, ಹೆಂಡತಿಗೂ ಎಲ್ಲವನ್ನೂ ಹೇಳಿದೆ. ಹೊಗೆ ಹೋಯಿತು ನಿಜ, ಎದೆಗೆ ಅದು ಗೊತ್ತಾಗಿದೆಯೇ? ಈ ಸಲ ಗೆರೆ ಇಳಿದರೆ ನನ್ನ ಕಥೆ ಮುಗಿಯಿತು. ಪರೀಕ್ಷೆ ಹತ್ತಿರ ಬಂದಂತೆ ನನಗೆ ಊಟ ಸೇರದೆ, ಹೆಂಡತಿಯೇ ದಿನಾ ಕೇಳುವಳು, "ಯಾವತ್ ಬರ್ತಾರಂತೆ ನಿಮ್ಮ ಮೇಡಮ್ಮು?"

ಆಷಾಢದಲ್ಲಿ ವ್ಯಾನು ಬಂತು. ಮೇಡಂ ಎಲ್ಲರನ್ನೂ ಊದಿಸಿ, ನನ್ನನ್ನು ಕೊನೆಗೆ ಕರೆದರು. ನಾನು ಕೂತೆ. ಬೆಲ್ಟು ಸಡಿಲಿಸಿದೆ. ಒಂದು ಸಲ ಊದಿದೆ. ಅವರು ಕೂಗಿದರು, ಪರದೆ ನೋಡಿದರು. "ಇನ್ನೊಂದ್ಸಲ." ಊದಿದೆ. "ಇನ್ನೊಂದು." ಮೂರನೆಯದಕ್ಕೆ ಅವರ ಧ್ವನಿ ಒಡೆದೇ ಹೋಯಿತು. ಕಿಟಕಿಯಲ್ಲಿ ಮುನಿರಾಜು, ಬಸವರಾಜ, ಅವರ ಹಿಂದೆ ಯಜಮಾನರು, ಎಲ್ಲರೂ ಉಸಿರು ಬಿಗಿ ಹಿಡಿದು ನಿಂತಿದ್ದರು. ಮೇಡಂ ಹೋದ ವರ್ಷದ ಗೆರೆ ತಂದು ಈ ವರ್ಷದ ಗೆರೆಯ ಮೇಲೆ ಇಟ್ಟರು. ಒಂದರ ಮೇಲೊಂದು ಕೂತುಬಿಟ್ಟವು.

"ಇಳಿದಿಲ್ಲ" ಎಂದರು ಮೊದಲು ಮೆಲ್ಲಗೆ. ಆಮೇಲೆ ಎದ್ದು ನಿಂತು, "ಇಳಿದಿಲ್ಲ ಕಣ್ರೀ! ಕೂದಲೆಳೆಯಷ್ಟೂ ಇಳಿದಿಲ್ಲ!" ಎಂದು ಕಿರುಚಿದರು. ಯಜಮಾನರು ಕಿಟಕಿಯಿಂದ, "ಜಾಸ್ತಿ ಆಗಿಲ್ವಾ?" ಎಂದರು. "ಜಾಸ್ತಿ ಆಗಲ್ಲ, ಮೊದಲೇ ಹೇಳಿದ್ನಲ್ಲ! ನಿಂತ್ಕೊಂಡಿದೆ, ಅದಕ್ಕೆ ಖುಷಿಪಡಿ!" ಎಂದು ಅವರಿಗೂ ಒಂದು ಗದರಿದರು. ನನಗೆ, "ಹೋಗಿ, ನಿಮ್ಮ ಹನಿ ಕಬ್ಬಿಣ ಕಾಯ್ತಿರುತ್ತೆ. ಆ ಸೊಂಡಿಲು ಬಿಟ್ಟು ಕೆಲಸ ಮಾಡಿದ್ರೆ ಮಾತ್ರ ನನ್ನಂಥ ಕೆಟ್ಟೋಳಿಲ್ಲ" ಎಂದರು. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಓಡಿ ಹೋಗಿ ಹೆಂಡತಿಗೆ ಫೋನ್ ಮಾಡಿದೆ. ಆಚೆ ಕಡೆ ಅವಳು ಬಿಕ್ಕಿದಳು.

ಗೇಟಿನ ಬಳಿ ವ್ಯಾನಿನ ಡ್ರೈವರ್ ಟೀ ಕುಡಿಯುತ್ತಿದ್ದ. ಖುಷಿಗೆ ಅವನಿಗೂ ಹೇಳಿದೆ. ಅವನು ಲೋಟ ಇಟ್ಟು, "ಸದ್ಯ ಸಾರ್! ಮೇಡಂ ಈಗ ನೆಮ್ಮದಿಯಾಗಿ ಮನೇಲಿರ್ತಾರೆ. ಅವರು ಯುಗಾದಿಗೇ ರಿಟೈರ್ ಆಗ್ಬೇಕಿತ್ತು. ಈ ಫ್ಯಾಕ್ಟರಿದು ಒಂದು ಟೆಸ್ಟ್ ಇದೆ, ಅದು ನಾನೇ ಮಾಡ್ಬೇಕು ಅಂತ ಹಟ ಹಿಡಿದು ಇಷ್ಟ್ ದಿನ ನಿಂತಿದ್ರು. ಇವತ್ತೇ ಲಾಸ್ಟು" ಎಂದ. ಅಷ್ಟರಲ್ಲಿ ಮೇಡಂ ಒಳಗಿನ ಬಾಗಿಲಿಂದ ಬಂದು ವ್ಯಾನು ಹತ್ತಿ ಕೂತಿದ್ದರು, ಅವನನ್ನು ಕೂಗಿದರು, ಅವನು ಓಡಿದ. ನಾನು ಕಂಬದಂತೆ ನಿಂತಿದ್ದೆ. ವ್ಯಾನು ಗೇಟು ದಾಟಿದ ಮೇಲೆ ನನಗೆ ಎಚ್ಚರವಾಯಿತು.

ಓಡಿದೆ. ಎಷ್ಟು ವರ್ಷವಾಗಿತ್ತೋ ಓಡಿ! ಗುಂಡಿ, ನೀರು, ಕೆಸರು, ಯಾವುದನ್ನೂ ನೋಡಲಿಲ್ಲ. ತಿರುವಿನಲ್ಲಿ ನೀರಿನ ಟ್ಯಾಂಕರೊಂದು ಅಡ್ಡ ಬಂದು ವ್ಯಾನು ನಿಂತಿತ್ತು. ಕನ್ನಡಿಯಲ್ಲಿ ನನ್ನನ್ನು ಕಂಡಿರಬೇಕು, ಮೇಡಂ ಬಾಗಿಲು ತೆಗೆದು ರಸ್ತೆಗೆ ಹಾರಿದರು. "ಓಡ್ಬೇಡಿ! ಯಾರ್ರೀ ಹೇಳಿದ್ದು ನಿಮಗೆ ಓಡಿ ಅಂತ! ನಿಂತ್ಕೊಳ್ಳಿ ಅಲ್ಲೇ!" ಎಂದು ಕೂಗುತ್ತಾ ಅವರೇ ನನ್ನ ಕಡೆ ಓಡಿ ಬಂದರು. ನಾನು ಅವರ ಮುಂದೆ ಮಂಡಿಗೆ ಕೈಯೂರಿ ಬಗ್ಗಿಬಿಟ್ಟೆ. ಎದೆ ತಿದಿಯಂತೆ ಹೊಡೆದುಕೊಳ್ಳುತ್ತಿತ್ತು. ಹೇಳಬೇಕೆಂದುಕೊಂಡು ಬಂದ ಮಾತು ಒಂದೂ ಹೊರಡಲಿಲ್ಲ.

"ಮಾತಾಡ್ಬೇಡಿ" ಎಂದರು. "ಮೂಗಲ್ಲಿ ಎಳ್ಕೊಳ್ಳಿ. ಬಾಯಲ್ಲಿ ಬಿಡಿ.‌ ಮೆಲ್ಲಗೆ. ಯಾವ ಅವಸರವೂ ಇಲ್ಲ."

ಟ್ಯಾಂಕರು ಹೋಯಿತು. ವ್ಯಾನಿನ ಹಿಂದೆ ಆಟೋ, ಬೈಕು, ಸ್ಕೂಲ್ ಬಸ್ಸು ಸೇರಿ ಹಾರ್ನು ಶುರುವಾಯಿತು. ಡ್ರೈವರ್ ತಲೆ ಹೊರಗೆ ಹಾಕಿ, "ಮೇಡಂ, ಹೋಗಣ್ವಾ?" ಎಂದ. ಅವರು ಹಿಂದೆ ತಿರುಗದೆ, ಸುಮ್ಮನಿರು ಎಂದು ಕೈ ಮಾಡಿದರು. ನನ್ನ ಉಸಿರು ಒಂದು ಹದಕ್ಕೆ ಬಂದು, ನಾನು ನೆಟ್ಟಗೆ ನಿಂತು, "ಥ್ಯಾಂಕ್ಸ್ ಮೇಡಂ" ಎನ್ನುವವರೆಗೂ ಅವರು ರಸ್ತೆಯ ನಡುವೆ, ಮಳೆನೀರಿನಲ್ಲಿ, ನನ್ನ ಎದೆ ಏರಿಳಿಯುವುದನ್ನೇ ನೋಡುತ್ತಾ ನಿಂತಿದ್ದರು.